ತಜ್ಞರ ಉತ್ತರ: ಫಾರ್ಮಿನ ಹಸಿ ಹಾಲು, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ಒಂದು ವರ್ಷದಿಂದ ಫಾರ್ಮಿನಿಂದ ಗಾಜಿನ ಬಾಟಲಿಯಲ್ಲಿ ಹಸಿ ಹಾಲು ತರಿಸುತ್ತಿದ್ದೇವೆ. ಕಾಯಿಸದೆ ಕುಡಿದರೇ ಸತ್ವ ಎಂದು ಅವರು ಹೇಳುತ್ತಾರೆ. ನಮ್ಮ ಯಜಮಾನರು ಹಾಗೇ ಕುಡಿಯುತ್ತಾರೆ, ನಾಲ್ಕು ವರ್ಷದ ಮಗಳಿಗೂ ಕೊಡೋಣ ಎನ್ನುತ್ತಾರೆ. ಹಸಿ ಹಾಲಿನಲ್ಲಿ ಆ್ಯಂಟಿಬಯಾಟಿಕ್‌ಗೂ ಸಾಯದ ಬ್ಯಾಕ್ಟೀರಿಯಾ ಇರುತ್ತವೆ ಎಂದು ಓದಿ ಭಯವಾಗಿದೆ. ಕಾಯಿಸಿದರೆ ಅವು ಸಾಯುತ್ತವೆಯೇ? ಇನ್ನೊಂದು ವಿಷಯ. ಮಾಲೂರಿನ ಹತ್ತಿರ ನನ್ನ ತಮ್ಮ ಆರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸು ಸಾಕಿದ್ದಾನೆ. ಅದರಲ್ಲಿ ಒಂದಕ್ಕೆ ಮೂರನೇ ಸಲ ಕೆಚ್ಚಲು ಬಾವು ಬಂದಿದೆ. ಇಂಜೆಕ್ಷನ್ ನಾಟುತ್ತಿಲ್ಲ. ಇದೂ ಅದೇನಾ ಡಾಕ್ಟ್ರೇ?

ಉತ್ತರ: ಮೊದಲು ಮಗಳ ಲೋಟದ ವಿಷಯ ಮುಗಿಸಿಬಿಡೋಣ. ಕಾಯಿಸಿಯೇ ಕೊಡಿ. ಯಜಮಾನರಿಗೂ ಕಾಯಿಸಿಯೇ ಕೊಡಿ.

ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಎಂದರೆ ಯಾವುದಕ್ಕೂ ಸಾಯದ ರಾಕ್ಷಸ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಪೆನ್ಸಿಲಿನ್ ತಪ್ಪಿಸಿಕೊಳ್ಳುವ ಉಪಾಯ ಬೇರೆ, ಬಿಸಿ ತಡೆಯುವ ಶಕ್ತಿ ಬೇರೆ. ಔಷಧಿಗೆ ಬಗ್ಗದ ಸ್ಟೆಫೈಲೋಕಾಕಸ್, ಇ ಕೊಲೈಗಳು ಬಿಸಿಗೆ ಉಳಿದ ಬ್ಯಾಕ್ಟೀರಿಯಾಗಳಂತೆಯೇ ಸಾಯುತ್ತವೆ. ಡೈರಿಗಳಲ್ಲಿ ಹಾಲನ್ನು 72 ಡಿಗ್ರಿಗೆ ಏರಿಸಿ 15 ಸೆಕೆಂಡು ಇಡುತ್ತಾರೆ. ಇಲ್ಲವೇ 63 ಡಿಗ್ರಿಯಲ್ಲಿ ಅರ್ಧ ಗಂಟೆ. ಪಾಶ್ಚರೀಕರಣ ಎಂದರೆ ಅಷ್ಟೇ. ನಿಮ್ಮ ಒಲೆಯ ಮೇಲೆ ಹಾಲು ಉಕ್ಕು ಬರುವಷ್ಟರಲ್ಲಿ ಈ ಲೆಕ್ಕವನ್ನೆಲ್ಲ ದಾಟಿ ಹೋಗಿರುತ್ತದೆ. ನಮ್ಮ ಅಜ್ಜಿಯರು ಹಾಲು ಕಾಯಿಸಿದ್ದು ಕೆನೆಗೆ ಮಾತ್ರ ಅಲ್ಲ ಅಲ್ವಾ?

ಇನ್ನು ಸತ್ವ. ಕಾಯಿಸಿದರೆ ಕೆಲವು ವಿಟಮಿನ್ ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ನಾವು ಹಾಲು ಕುಡಿಯುವುದೇ ಪ್ರೋಟೀನಿಗೆ, ಕ್ಯಾಲ್ಸಿಯಂಗೆ. ಅವು ಎಲ್ಲಿಗೂ ಹೋಗುವುದಿಲ್ಲ.

ಆದರೆ ಬೆಂಕಿಯಿಂದ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಹಾಲಿನ ವಿಷಯದಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಜನ ಕಲಸುಮೇಲೋಗರ ಮಾಡುತ್ತಾರೆ. ಒಂದು, ಬ್ಯಾಕ್ಟೀರಿಯಾ. ಇದು ಕಾಯಿಸಿದರೆ ಸಾಯುತ್ತದೆ. ಎರಡು, ಹಸುವಿಗೆ ಕೊಟ್ಟ ಔಷಧಿಯ ಉಳಿಕೆ. ಪೆನ್ಸಿಲಿನ್ ಜಾತಿಯ ಔಷಧಿ ಮನೆಯಲ್ಲಿ ಕಾಯಿಸುವ ಬಿಸಿಗೆ ಪೂರ್ತಿ ಹೋಗುವುದಿಲ್ಲ. ಮೂರು, ಕೆಲವು ಬ್ಯಾಕ್ಟೀರಿಯಾ ಬಿಟ್ಟುಹೋಗುವ ವಿಷ. ಬ್ಯಾಕ್ಟೀರಿಯಾ ಸತ್ತರೂ ಅದು ಹಾಲಿನಲ್ಲಿ ಉಳಿಯುತ್ತದೆ.

ಎರಡನೆಯದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲಸಕ್ಕೆ ಸೇರಿದ ಹೊಸದು, ಮಂಡ್ಯದ ಕಡೆ ಒಂದು ಹಳ್ಳಿ. ಒಬ್ಬ ಅಮ್ಮ ಮೊಸರಿನ ಮಡಕೆ ಎತ್ತಿಕೊಂಡೇ ಪಶು ಆಸ್ಪತ್ರೆಗೆ ಬಂದರು. 'ಎರಡು ದಿನದಿಂದ ಹೆಪ್ಪು ಹಾಕ್ತಿದೀನಿ, ಮೊಸರೇ ಆಗ್ತಿಲ್ಲ. ಯಾರೋ ಏನೋ ಮಾಡ್ಸವ್ರೆ' ಎಂದರು. ಮಡಕೆ ಬಗ್ಗಿಸಿ ನೋಡಿದೆ. ಹಾಲು ಹಾಲಾಗಿಯೇ ಇತ್ತು, ಮೇಲೆ ತೆಳ್ಳಗೆ ಕೆನೆ. ಹುಳಿ ವಾಸನೆ ಇಲ್ಲವೇ ಇಲ್ಲ. ಮೂರು ದಿನದ ಹಿಂದೆ ಅವರ ಹಸುವಿನ ಒಂದು ಮೊಲೆಗೆ ಔಷಧಿಯ ಟ್ಯೂಬ್ ಏರಿಸಲಾಗಿತ್ತು, ಏರಿಸಿದವನೂ ನಾನೇ. ಆ ಮೊಲೆಯ ಹಾಲು ಚೆಲ್ಲಿ ಎಂದು ಹೇಳಿದ್ದೆ. ಉಳಿದ ಮೂರರದ್ದನ್ನೂ ಬಳಸಬೇಡಿ ಎಂದು ಹೇಳುವುದನ್ನು ಮರೆತಿದ್ದೆ. ಒಂದು ಮೊಲೆಗೆ ಹಾಕಿದ ಔಷಧಿ ರಕ್ತ ಸೇರಿ ಉಳಿದ ಮೂರಕ್ಕೂ ಹೋಗುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಾಗೆ ಪೆನ್ಸಿಲಿನ್ ಒಂಚೂರು ತಗುಲಿದರೂ ಸಾಕು, ಏಳುವುದಿಲ್ಲ. ಔಷಧಿಯ ಉಳಿಕೆ ಪತ್ತೆ ಮಾಡುವ ಲ್ಯಾಬ್ ಪರೀಕ್ಷೆಗಳಲ್ಲಿ ಒಂದು ಬಗೆ ಇದೇ ತತ್ವದ ಮೇಲೆ ನಿಂತಿದೆ. ಹಾಲಿಗೆ ನಿರುಪದ್ರವಿ ಬ್ಯಾಕ್ಟೀರಿಯಾ ಬಿಟ್ಟು, ಅದು ಬೆಳೆಯುತ್ತದೋ ಇಲ್ಲವೋ ನೋಡುತ್ತಾರೆ. ಬೆಳೆದರೆ ಬಣ್ಣ ನೇರಳೆಯಿಂದ ಹಳದಿಗೆ ತಿರುಗುತ್ತದೆ. ನೇರಳೆಯಾಗಿಯೇ ಉಳಿದರೆ ಹಾಲಿನಲ್ಲಿ ಔಷಧಿ ಇದೆ ಎಂದು ಅರ್ಥ.

(ಮೊಸರಾಗದಿದ್ದರೆಲ್ಲ ಔಷಧಿಯೇ ಕಾರಣ ಎಂದು ಹಾಲಿನವನ ಜೊತೆ ಜಗಳಕ್ಕೆ ಹೋಗಬೇಡಿ. ಚಳಿಗೂ, ಹಳೇ ಹೆಪ್ಪಿಗೂ ಹಾಗಾಗುತ್ತದೆ.)

ಎಷ್ಟು ಸಣ್ಣ ಪ್ರಮಾಣ ಎಂಬುದಕ್ಕೆ ಒಂದು ಲೆಕ್ಕ ನೋಡಿ. ಒಂದು ಲೀಟರ್ ಹಾಲಿನಲ್ಲಿ ಬೆಂಜೈಲ್ ಪೆನ್ಸಿಲಿನ್‌ಗೆ ಅಂತರರಾಷ್ಟ್ರೀಯ ಆಹಾರ ಮಾನದಂಡ ಒಪ್ಪುವ ಮಿತಿ 4 ಮೈಕ್ರೋಗ್ರಾಂ. ಅಂದರೆ ಒಂದೇ ಒಂದು ಮಿಲಿಗ್ರಾಂ ಪೆನ್ಸಿಲಿನ್ 250 ಲೀಟರ್ ಹಾಲನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ. ಒಬ್ಬ ರೈತ ಒಂದು ಹಸುವಿನ ಹಾಲನ್ನು ಸುಮ್ನೆ ಚೆಲ್ಲಲು ಮನಸ್ಸಾಗದೆ ಡೈರಿಗೆ ಹಾಕಿದರೆ ಕೂಲರ್‌ನಲ್ಲಿರುವ ಇಡೀ ಊರಿನ ಹಾಲು ಕೆಡಬಹುದು. ಹಾಗಂತ ಗಾಬರಿ ಬೇಡ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿ ಪರೀಕ್ಷೆ ಮಾಡಿಸಿತು. ಮಿತಿ ಮೀರಿ ಆ್ಯಂಟಿಬಯಾಟಿಕ್ ಸಿಕ್ಕಿದ್ದು 77ರಲ್ಲಿ. ಅದೇ ಸಮೀಕ್ಷೆಯಲ್ಲಿ ಮೇವಿನ ಬೂಷ್ಟಿನಿಂದ ಬರುವ ಅಫ್ಲಟಾಕ್ಸಿನ್ ಎಂಬ ವಿಷ ಇದಕ್ಕಿಂತ ಎಷ್ಟೋ ಜಾಸ್ತಿ ಮಾದರಿಗಳಲ್ಲಿ ಸಿಕ್ಕಿತು. ಅದು ಬೇರೆಯೇ ಕಥೆ.

ಮೂರನೆಯದು ವಿಷ. ಜಪಾನಿನ ಒಸಾಕಾ ಸುತ್ತಮುತ್ತ 2000ನೇ ಇಸವಿಯ ಬೇಸಿಗೆಯಲ್ಲಿ 13 ಸಾವಿರಕ್ಕೂ ಹೆಚ್ಚು ಜನ ಹಾಲು ಕುಡಿದು ವಾಂತಿ ಮಾಡಿಕೊಂಡರು. ಅದು ಪಾಶ್ಚರೀಕರಿಸಿದ ಹಾಲೇ. ಹುಡುಕಿಕೊಂಡು ಹೋದಾಗ ಸಿಕ್ಕ ಮೂಲ ಹೊಕ್ಕೈಡೊದ ಒಂದು ಕಾರ್ಖಾನೆ, ಆ ಹಾಲಿಗೆ ಬೆರೆಸಿದ ಹಾಲಿನ ಪುಡಿ ತಯಾರಾಗಿದ್ದು ಅಲ್ಲೇ. ಅಲ್ಲಿ ಕರೆಂಟ್ ಹೋಗಿ ಹಾಲು ಬೆಚ್ಚಗೆ ಕೂತಿತ್ತು. ಆ ಹೊತ್ತಿನಲ್ಲಿ ಸ್ಟೆಫೈಲೋಕಾಕಸ್ ಬೆಳೆದು ವಿಷ ಬಿಟ್ಟಿತ್ತು. ಆಮೇಲೆ ಬಿಸಿ ಮಾಡಿದಾಗ ಬ್ಯಾಕ್ಟೀರಿಯಾ ಸತ್ತವು, ವಿಷ ಉಳಿಯಿತು. ಇದನ್ನು ಯಾಕೆ ಹೇಳಿದೆ ಎಂದರೆ ನಿಮ್ಮ ಬಾಟಲಿ ಬೆಳಗ್ಗೆ ಐದಕ್ಕೆ ಬಾಗಿಲ ಮುಂದೆ ಬಂದು ಕೂರುತ್ತದೆ, ನೀವು ಏಳುವುದು ಏಳಕ್ಕೆ ಇರಬಹುದು. ಅದಕ್ಕೆ ಮೊದಲು ಫಾರ್ಮಿನಿಂದ ಬೆಂಗಳೂರಿಗೆ ಗಾಡಿಯಲ್ಲಿ ಬಂದಿರುತ್ತದೆ. ಬಾಟಲಿ ಮುಟ್ಟಿದಾಗ ತಣ್ಣಗಿದೆಯೇ ನೋಡಿ. ಬೆಚ್ಚಗಿದ್ದರೆ ಕಾಯಿಸಿದರೂ ನಾನಂತೂ ಕುಡಿಯುವುದಿಲ್ಲ.

ಈಗ ನೀವು ಓದಿದ ವಿಷಯಕ್ಕೆ ಬರುತ್ತೇನೆ. ಹಸಿ ಹಾಲಿನಲ್ಲಿ ಇಂಥ ಬ್ಯಾಕ್ಟೀರಿಯಾ ನಿಜವಾಗಿ ಇರುತ್ತವೆಯೇ? ಇರುತ್ತವೆ. ಇದು ಹೊಸ ಸುದ್ದಿಯೂ ಅಲ್ಲ. ಆಸ್ಪತ್ರೆಗಳನ್ನು ಕಾಡುವ ಎಂಆರ್‌ಎಸ್‌ಎ ಎಂಬ ಮೊಂಡು ಸ್ಟೆಫೈಲೋಕಾಕಸ್ ಹಸುಗಳಲ್ಲಿ ಮೊದಲು ವರದಿಯಾದದ್ದು 1972ರಲ್ಲಿ, ಬೆಲ್ಜಿಯಂನಲ್ಲಿ, ಕೆಚ್ಚಲು ಬಾವಿನ ಹಾಲಿನಲ್ಲಿ. ಆಗಿನ ವಿಜ್ಞಾನಿಗಳಿಗೆ ಬಂದ ಅನುಮಾನ ತಮಾಷೆಯಾಗಿದೆ. ಹಸುವಿಗೆ ಅದು ಮನುಷ್ಯನ ಕೈಯಿಂದಲೇ ಬಂದಿರಬೇಕು ಎಂದರು. 2011ರಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ಪತ್ತೆಯಾಯಿತು. ಹಾಲಿನ ಟ್ಯಾಂಕಿನಿಂದ ತೆಗೆದ ಸ್ಟೆಫೈಲೋಕಾಕಸ್ ಔಷಧಿಗೆ ಸಾಯುತ್ತಿರಲಿಲ್ಲ. ಆದರೆ ಔಷಧಿಗೆ ಬಗ್ಗದ ಗುಣ ಕೊಡುವ ಜೀನನ್ನು ಹುಡುಕುವ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದೇ ಬರುತ್ತಿತ್ತು. ಕಡೆಗೆ ನೋಡಿದರೆ ಅದರಲ್ಲಿ ಇದ್ದದ್ದು ಅದೇ ಜೀನಿನ ಇನ್ನೊಂದು ರೂಪ. ಅದಕ್ಕೆ ಮೆಕ್-ಸಿ ಎಂದು ಹೆಸರಿಟ್ಟರು. ಹುಡುಕಿದಾಗ ಮನುಷ್ಯರಲ್ಲೂ ಸಿಕ್ಕಿತು.

ಹಸಿ ಹಾಲು ಕುಡಿದೇ ಔಷಧಿಗೆ ಬಗ್ಗದ ಸೋಂಕು ತಗುಲಿದ ಸ್ಪಷ್ಟ ಉದಾಹರಣೆ ಬೇಕೆಂದರೆ ಅಮೆರಿಕದ್ದು ಹೇಳಬೇಕು. ಹಸುಗಳು ಕಂದು ಹಾಕುವ, ಅಂದರೆ ಗರ್ಭಪಾತವಾಗುವ ಬ್ರುಸೆಲ್ಲೋಸಿಸ್ ರೋಗ ನಿಮ್ಮ ತಮ್ಮನಿಗೆ ಗೊತ್ತಿರುತ್ತದೆ. ಅದಕ್ಕೆ ಅಲ್ಲಿ ಆರ್‌ಬಿ51 ಎಂಬ ಜೀವಂತ ಲಸಿಕೆ ಕೊಡುತ್ತಾರೆ. ಅಪರೂಪಕ್ಕೆ ಲಸಿಕೆಯ ಬ್ಯಾಕ್ಟೀರಿಯಾವೇ ಹಾಲಿನಲ್ಲಿ ಬರುತ್ತದೆ. 2017ರಲ್ಲಿ ಟೆಕ್ಸಾಸ್ ಮತ್ತು ನ್ಯೂಜೆರ್ಸಿಯಲ್ಲಿ, 2018ರಲ್ಲಿ ನ್ಯೂಯಾರ್ಕಿನಲ್ಲಿ ಹಸಿ ಹಾಲು ಕುಡಿದವರಿಗೆ ಇದರಿಂದ ಜ್ವರ ಬಂತು. ತೊಂದರೆ ಎಲ್ಲಿ ಎಂದರೆ, ಈ ರೋಗಕ್ಕೆ ಮನುಷ್ಯರಿಗೆ ಸಾಮಾನ್ಯವಾಗಿ ಕೊಡುವ ಎರಡು ಔಷಧಿಗಳಲ್ಲಿ ಒಂದಾದ ರಿಫಾಂಪಿಸಿನ್ ಇದಕ್ಕೆ ಕೆಲಸ ಮಾಡುವುದಿಲ್ಲ. ಮಾಮೂಲಿ ರಕ್ತ ಪರೀಕ್ಷೆಯಲ್ಲೂ ಸಿಗುವುದಿಲ್ಲ. ಇದು ರೈತರ ತಪ್ಪಿನಿಂದ ಬಂದ ಗುಣ ಅಲ್ಲ, ಲ್ಯಾಬಿನಲ್ಲಿ ಆ ತಳಿ ತಯಾರಿಸುವಾಗಲೇ ಬಂದದ್ದು. ನಮ್ಮಲ್ಲಿ ಸರ್ಕಾರಿ ಕಾರ್ಯಕ್ರಮದಲ್ಲಿ ಹೆಣ್ಣು ಕರುಗಳಿಗೆ ಹಾಕುವ ಲಸಿಕೆ ಬೇರೆ. ಆದರೆ ಕಂದು ರೋಗ ಮಾತ್ರ ನಮ್ಮಲ್ಲೂ ಇದೆ. ಅದು ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತದೆ. ವಾರಗಟ್ಟಲೆ ಬಂದು ಹೋಗುವ ಜ್ವರ, ಬೆನ್ನು ನೋವು, ರಾತ್ರಿ ಬೆವರು. ಯಜಮಾನರಿಗೆ ಇದನ್ನು ಸ್ವಲ್ಪ ಒತ್ತಿ ಹೇಳಿ.

'ನಮ್ಮದು ನಾಟಿ ಹಸು, ಹಾಲಿನಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಇರುತ್ತವೆ' ಎಂದೂ ಮಾರುವವರು ಹೇಳಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು ಐದು ರಾಜ್ಯಗಳಿಂದ ಎರಡು ಸಾವಿರಕ್ಕೂ ಹೆಚ್ಚು ಹಾಲಿನ ಮಾದರಿ ತಂದು ನೋಡಿ 2020ರಲ್ಲಿ ವರದಿ ಮಾಡಿದರು. ಹಸಿ ಹಾಲಿನಲ್ಲಿ ಅವರಿಗೆ ಒಳ್ಳೆಯ ಬ್ಯಾಕ್ಟೀರಿಯಾ ಹೆಚ್ಚೇನೂ ಸಿಗಲಿಲ್ಲ. ಹಸಿ ಹಾಲನ್ನು ಫ್ರಿಜ್ಜಿನ ಹೊರಗೆ ಬಿಟ್ಟಾಗ ಮಾತ್ರ ಔಷಧಿಗೆ ಬಗ್ಗದ ಜೀನ್‌ಗಳು ಏರಿದವು. ಹಸಿ ಹಾಲನ್ನೇ ಹೊರಗಿಟ್ಟು ಹುಳಿ ಬರಿಸಿ ಕುಡಿಯುವ ಹೊಸ ಚಾಳಿ ಅಲ್ಲಿದೆ. ನಮ್ಮ ಮೊಸರು ಹಾಗಲ್ಲ. ನಾವು ಮೊದಲು ಕಾಯಿಸಿ, ಇದ್ದದ್ದನ್ನು ಹೆಚ್ಚುಕಡಿಮೆ ಎಲ್ಲ ಕೊಂದು, ಆಮೇಲೆ ಬೇಕಾದ್ದನ್ನು ಹೆಪ್ಪಿನಲ್ಲಿ ಹಾಕುತ್ತೇವೆ. ಒಳ್ಳೆ ಬ್ಯಾಕ್ಟೀರಿಯಾ ಬೇಕೆಂದರೆ ಮಗಳಿಗೆ ಮಜ್ಜಿಗೆ ಅನ್ನ ಕಲಸಿ ಕೊಡಿ.

ಇನ್ನು ತಮ್ಮನ ಕೊಟ್ಟಿಗೆ. ನಿಜ ಹೇಳಬೇಕೆಂದರೆ ನನಗೆ ಯೋಚನೆ ಆಗುವುದು ನಿಮ್ಮ ಬಾಟಲಿಗಿಂತ ಇದರ ಬಗ್ಗೆಯೇ. ಹಾಲನ್ನು ನೀವು ಕಾಯಿಸುತ್ತೀರಿ. ಹಾಲು ಕರೆಯುವ ಕೈಯನ್ನು, ಸಗಣಿ ಬಾಚುವ ಬುಟ್ಟಿಯನ್ನು, ಕರುವಿನ ಬಾಯನ್ನು ಯಾರೂ ಕಾಯಿಸುವುದಿಲ್ಲ. ಮೊಂಡು ಬ್ಯಾಕ್ಟೀರಿಯಾ ಮನೆಯೊಳಗೆ ಬರುವ ದಾರಿ ಅವು.

ಮೂರು ಸಲ ಬಾವು ಬಂದು ಔಷಧಿ ನಾಟಲಿಲ್ಲ ಎಂದ ಕೂಡಲೇ ಮೊಂಡು ಬ್ಯಾಕ್ಟೀರಿಯಾ ಎಂದು ತೀರ್ಮಾನ ಮಾಡಬೇಡಿ. ಸ್ಟೆಫೈಲೋಕಾಕಸ್ ಆರಿಯಸ್ ಕೆಚ್ಚಲಿನ ಒಳಗೆ ಗಂಟು ಕಟ್ಟಿಕೊಂಡು, ಜೀವಕೋಶಗಳ ಒಳಗೇ ಅವಿತು ಕೂರುತ್ತದೆ. ಔಷಧಿಗೆ ಸಾಯುವ ತಳಿಯೇ ಆದರೂ ಔಷಧಿ ಅಲ್ಲಿಗೆ ಮುಟ್ಟುವುದಿಲ್ಲ. ಹಾಲು ಸರಿಯಾದ ಹಾಗೆ ಕಾಣುತ್ತದೆ, ತಿಂಗಳಾದ ಮೇಲೆ ಮತ್ತೆ ತರಿ ತರಿ ಬರುತ್ತದೆ. ಇನ್ನೊಂದು ಕಡೆ, ಇ ಕೊಲೈನಿಂದ ಬರುವ ಸಣ್ಣ ಬಾವನ್ನು ಎಷ್ಟೋ ಸಲ ಹಸುವಿನ ಮೈಯೇ ಎರಡು ಮೂರು ದಿನದಲ್ಲಿ ವಾಸಿ ಮಾಡಿಕೊಳ್ಳುತ್ತದೆ. ಆಗ ಹೆಸರು ಬರುವುದು ಮಾತ್ರ ಇಂಜೆಕ್ಷನ್‌ಗೆ. ಯಾವುದು ಯಾವುದೆಂದು ಕಣ್ಣಳತೆಯಲ್ಲಿ ಹೇಳಲು ಮೂವತ್ತು ವರ್ಷ ಕೆಲಸ ಮಾಡಿದ ನನಗೂ ಆಗುವುದಿಲ್ಲ.

ಅದಕ್ಕೇ ಹಾಲಿನ ಪರೀಕ್ಷೆ. ಔಷಧಿ ಶುರು ಮಾಡುವ ಮೊದಲು ಮೊಲೆಯ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊದಲ ನಾಲ್ಕು ಧಾರೆ ಬಿಟ್ಟು, ಶುದ್ಧ ಸೀಸೆಗೆ ಸ್ವಲ್ಪ ಹಾಲು ಹಿಡಿದು, ಐಸ್ ಇಟ್ಟು ಲ್ಯಾಬಿಗೆ ಕಳಿಸಬೇಕು. ಅಲ್ಲಿ ಬ್ಯಾಕ್ಟೀರಿಯಾವನ್ನು ಒಂದು ತಟ್ಟೆಯಲ್ಲಿ ಹರಡಿ, ಬೇರೆ ಬೇರೆ ಔಷಧಿ ಅದ್ದಿದ ಪುಟ್ಟ ಬಿಳಿ ಕಾಗದದ ಬಿಲ್ಲೆಗಳನ್ನು ಅದರ ಮೇಲೆ ಇಡುತ್ತಾರೆ. ಮರುದಿನ ತೆಗೆದು ನೋಡಿದರೆ ತಟ್ಟೆಯ ತುಂಬ ಬೂದಿ ಬಣ್ಣದ ಪದರ. ಕೆಲಸ ಮಾಡುವ ಔಷಧಿಯ ಸುತ್ತ ಮಾತ್ರ ದುಂಡಗೆ ಖಾಲಿ ಜಾಗ. ಕೆಲಸ ಮಾಡದ ಬಿಲ್ಲೆಯ ಅಂಚಿಗೇ ಬ್ಯಾಕ್ಟೀರಿಯಾ ಬಂದು ಒರಗಿ ನಿಂತಿರುತ್ತದೆ. ಇದನ್ನು ಒಮ್ಮೆ ಒಬ್ಬ ರೈತನಿಗೆ ತೋರಿಸಿದ್ದೆ. ಆರು ಬಿಲ್ಲೆಗಳಲ್ಲಿ ಖಾಲಿ ಜಾಗ ಇದ್ದದ್ದು ಎರಡಕ್ಕೆ. ಉಳಿದ ನಾಲ್ಕರಲ್ಲಿ ಮೂರನ್ನು ಅವನು ಆಗಲೇ ಹಸುವಿಗೆ ಕೊಟ್ಟು ಮುಗಿಸಿದ್ದ. ತಟ್ಟೆಯನ್ನು ತುಂಬಾ ಹೊತ್ತು ನೋಡಿ, 'ದುಡ್ಡು ಸಗಣಿಗೆ ಹೋಯ್ತು' ಎಂದ.

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಮಾಲೂರಿನಿಂದ ದೂರವೇನಲ್ಲ. ತಮ್ಮನ ತಾಲ್ಲೂಕಿನ ಪಶು ಆಸ್ಪತ್ರೆಯವರನ್ನೋ ಹಾಲು ಒಕ್ಕೂಟದ ಡಾಕ್ಟರನ್ನೋ ಕೇಳಿದರೆ ಮಾದರಿ ಎಲ್ಲಿಗೆ ಕಳಿಸಬೇಕೆಂದು ಹೇಳುತ್ತಾರೆ. ಫಲಿತಾಂಶಕ್ಕೆ ಎರಡು ಮೂರು ದಿನ ಬೇಕು. ಹಸುವಿಗೆ ಜ್ವರ ಇದ್ದರೆ ಅಲ್ಲಿಯವರೆಗೆ ಕಾಯಲು ಆಗುವುದಿಲ್ಲ, ಡಾಕ್ಟರು ಶುರು ಮಾಡುತ್ತಾರೆ. ಆದರೆ ಮಾದರಿಯನ್ನು ಅದಕ್ಕೂ ಮೊದಲೇ ಹಿಡಿದಿಡಲಿ.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಕೆಚ್ಚಲು ಊದಿದ ದಿನ ರೈತ ಮೆಡಿಕಲ್ ಶಾಪಿಗೆ ಹೋಗುತ್ತಾನೆ, ಚೀಟಿ ಇಲ್ಲದೆ ಸೆಫ್ಟ್ರಯಾಕ್ಸೋನ್ ತರುತ್ತಾನೆ. ಇದು ಮನುಷ್ಯರ ಆಸ್ಪತ್ರೆಯಲ್ಲಿ ಗಂಭೀರ ಸೋಂಕಿಗೆ ಕೊಡುವ ಔಷಧಿ. ಊರಿನಲ್ಲಿ ಸೂಜಿ ಹಾಕಲು ಬಲ್ಲವರೊಬ್ಬರು ಎರಡು ದಿನ ಹಾಕುತ್ತಾರೆ. ಊತ ಇಳಿಯುತ್ತದೆ. ಮೂರನೇ ದಿನ ನಿಲ್ಲಿಸುತ್ತಾರೆ. ಇನ್ನೊಂದು ಹೆಸರುವಾಸಿ ಔಷಧಿ ಎನ್ರೋಫ್ಲಾಕ್ಸಾಸಿನ್. ಅದು ಹಸುವಿನ ಮೈಯೊಳಗೆ ಒಂದಷ್ಟು ಸಿಪ್ರೋಫ್ಲಾಕ್ಸಾಸಿನ್ ಆಗಿ ಬದಲಾಗುತ್ತದೆ. ಹೌದು, ನಿಮಗೆ ಉರಿಮೂತ್ರಕ್ಕೆ ಡಾಕ್ಟರು ಬರೆದಿರಬಹುದಾದ ಅದೇ ಸಿಪ್ರೋ. ಹಸುವಿನ ಹೊಟ್ಟೆಯ ಇ ಕೊಲೈ ಅದನ್ನು ಎದುರಿಸಲು ಕಲಿತರೆ, ಆ ಪಾಠವನ್ನು ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದಲ್ಲಿ ಸುತ್ತಿ ಪಕ್ಕದ ಬ್ಯಾಕ್ಟೀರಿಯಾಗೆ ಕೊಡಲೂಬಹುದು. ಅದು ಬೇರೆ ಜಾತಿಯದ್ದಾದರೂ ಸರಿ. ಕೊಲಿಸ್ಟಿನ್ ಎಂಬ ಕಡೆಯ ಅಸ್ತ್ರದ ವಿಷಯದಲ್ಲಿ ಹೀಗೇ ಆಗಿದ್ದು 2015ರಲ್ಲಿ ಚೀನಾದಲ್ಲಿ ಗೊತ್ತಾಯಿತು. 2019ರಲ್ಲಿ ನಮ್ಮ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಕೊಡದಂತೆ ನಿಷೇಧಿಸಿತು. ಒಳ್ಳೆಯ ಕೆಲಸ. ಆದರೆ ಅಂಗಡಿಯಲ್ಲಿ ಚೀಟಿ ಕೇಳುವವರು ಯಾರು ಎಂಬ ಪ್ರಶ್ನೆ ಹಾಗೇ ಇದೆ.

ಕರುವಿನ ವಿಷಯಕ್ಕೂ ಇಲ್ಲೇ ಬರುತ್ತೇನೆ. ಔಷಧಿ ಕೊಟ್ಟ ಹಸುವಿನ ಹಾಲನ್ನು ಡೈರಿಗೆ ಹಾಕಬಾರದು ಎಂದು ತಮ್ಮನಿಗೆ ಗೊತ್ತಿರಬಹುದು. ಚೆಲ್ಲಲು ಕರುಳು ಕಿತ್ತುಬರುತ್ತದೆ. ಹಾಗಾಗಿ ಕರುವಿಗೆ ಕುಡಿಸುತ್ತಾರೆ. ದಿನಾ ಒಂದಿಷ್ಟು ಔಷಧಿ ಕರುವಿನ ಹೊಟ್ಟೆ ಸೇರಿದರೆ ಅಲ್ಲಿ ಸಾಯುವ ಬ್ಯಾಕ್ಟೀರಿಯಾ ಸಾಯುತ್ತವೆ, ಸಾಯದವು ಉಳಿದು ಜಾಗ ಹಿಡಿಯುತ್ತವೆ. ಇಂಥ ಕರುಗಳ ಸಗಣಿಯಲ್ಲಿ ಮೊಂಡು ಇ ಕೊಲೈ ಜಾಸ್ತಿ ಬರುತ್ತದೆ ಎಂದು ಯುರೋಪಿನಲ್ಲಿ ಮತ್ತೆ ಮತ್ತೆ ಕಂಡಿದ್ದಾರೆ. ಆ ಹಾಲನ್ನು ಕೊಟ್ಟಿಗೆಯಿಂದ, ಬಾವಿಯಿಂದ ದೂರ ಒಂದು ಗುಂಡಿಗೆ ಸುರಿಯಲಿ. ಎಷ್ಟು ದಿನ ಎಂಬುದು ಔಷಧಿಯ ಪೊಟ್ಟಣದ ಮೇಲೆ ಬರೆದಿರುತ್ತದೆ. ಹೆಚ್ಚಿನವಕ್ಕೆ ಕೊನೆಯ ಡೋಸ್ ಆದ ಮೇಲೆ 3ರಿಂದ 7 ದಿನ.

ಔಷಧಿ ಇಲ್ಲದೆ ಆಗುವುದಿಲ್ಲವೇ ಎಂದರೆ, ಶುರುವಿನಲ್ಲೇ ಹಿಡಿದರೆ ಕೆಲವು ಸಲ ಆಗುತ್ತದೆ. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯವರು (ಎನ್‌ಡಿಡಿಬಿ) ಹಾಲು ಒಕ್ಕೂಟಗಳಲ್ಲಿ ಪ್ರಚಾರ ಮಾಡುತ್ತಿರುವ ಒಂದು ಲೇಪ ಇದೆ. ಇದರ ಹಿಂದೆ ಯಲಹಂಕದ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದವರ ಕೆಲಸವೂ ಇದೆ. ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ಸೇರಿಸಿ ರುಬ್ಬಿದರೆ ಕುಂಕುಮದಂತೆ ಕೆಂಪಗೆ ಬರುತ್ತದೆ. ಹಾಲು ಪೂರ್ತಿ ಕರೆದು, ಕೆಚ್ಚಲು ತೊಳೆದು, ಒಂದು ಹಿಡಿ ಲೇಪವನ್ನು ನೀರಿನಲ್ಲಿ ತೆಳ್ಳಗೆ ಮಾಡಿ ಹಚ್ಚಬೇಕು. ದಿನಕ್ಕೆ ಹತ್ತು ಸಲ, ಐದು ದಿನ. ಎರಡು ಸಲ ಹಚ್ಚಿ ಕೆಲಸ ಮಾಡಲಿಲ್ಲ ಎಂದು ಬರುವವರೇ ಹೆಚ್ಚು. ಸಣ್ಣ ಬಾವಿಗೆ ಇದು ಒಳ್ಳೆಯದೆಂದು ನನ್ನ ಅನುಭವ. ಹಸು ಮೇವು ಬಿಟ್ಟಿದ್ದರೆ, ಜ್ವರ ಇದ್ದರೆ, ಮೊಲೆ ತಣ್ಣಗಾಗಿ ನೀಲಿಗಟ್ಟುತ್ತಿದ್ದರೆ ಲೇಪ ರುಬ್ಬುತ್ತಾ ಕೂರಬೇಡಿ, ಡಾಕ್ಟರನ್ನು ಕರೆಯಿರಿ.

ಬಾವು ಬರದಂತೆ ನೋಡಿಕೊಳ್ಳುವುದು ಇದೆಲ್ಲಕ್ಕಿಂತ ಅಗ್ಗ. ತಮ್ಮನಿಗೆ ಹೇಳಿ, ಆ ಹಸುವನ್ನು ಕಡೆಗೆ ಕರೆಯಲಿ, ಒಳ್ಳೆಯವನ್ನು ಮೊದಲು. ಹೆಬ್ಬೆರಳು ಮಡಚಿ ಮೊಲೆ ಜಗ್ಗುವ ಅಭ್ಯಾಸ ಬಿಡಲಿ, ಪೂರ್ತಿ ಅಂಗೈ ಹಿಡಿತದಲ್ಲಿ ಕರೆಯಲಿ. ಕರೆದ ಮೇಲೆ ಮೊಲೆಯ ತುದಿಯನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಲಿ. ಆಮೇಲೆ ಅರ್ಧ ಗಂಟೆ ಹಸು ಮಲಗಬಾರದು, ಯಾಕೆಂದರೆ ಮೊಲೆಯ ಬಾಯಿ ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು. ನಿಲ್ಲಿಸುವುದು ಹೇಗೆ? ಆಗಲೇ ಹಸಿ ಹುಲ್ಲು ಹಾಕಿದರಾಯಿತು. ಮುಂಚೆಯೇ ಹಾಕಿ ಹೊಟ್ಟೆ ತುಂಬಿಸಿದರೆ ಕರೆದ ಕೂಡಲೇ ಸಗಣಿಯ ಮೇಲೆ ಮಲಗುತ್ತದೆ. ಇಷ್ಟೆಲ್ಲ ಮಾಡಿಯೂ ಅದೇ ಮೊಲೆಗೆ ಮತ್ತೆ ಬಾವು ಬಂದರೆ ಆ ಮೊಲೆಯನ್ನು ಬತ್ತಿಸಿಬಿಡುವ ಬಗ್ಗೆ ಡಾಕ್ಟರ ಹತ್ತಿರ ಮಾತಾಡಲಿ. ಮೂರು ಮೊಲೆಯಲ್ಲಿ ಚೆನ್ನಾಗಿ ಹಾಲು ಕೊಡುವ ಎಚ್‌ಎಫ್ ಹಸುಗಳನ್ನು ಎಷ್ಟೋ ನೋಡಿದ್ದೇನೆ.

ಕಡೆಗೆ, ಬಾಟಲಿ ಹಾಲು ನಿಲ್ಲಿಸಬೇಕೇ? ಕಾಯಿಸುತ್ತೀರಾದರೆ ನಿಲ್ಲಿಸಲೇಬೇಕೆಂದು ನಾನು ಹೇಳುವುದಿಲ್ಲ. 'ನಮ್ಮ ಹಸುಗಳಿಗೆ ಆ್ಯಂಟಿಬಯಾಟಿಕ್ಕೇ ಕೊಡುವುದಿಲ್ಲ' ಎನ್ನುವವರನ್ನು ಮಾತ್ರ ನಾನು ಸುಲಭಕ್ಕೆ ನಂಬುವುದಿಲ್ಲ. ಹಸುವಿಗೆ ಕಾಯಿಲೆ ಬಂದೇ ಬರುತ್ತದೆ, ಔಷಧಿ ಕೊಡಲೇಬೇಕಾದ ದಿನವೂ ಬರುತ್ತದೆ. ಒಂದು ಭಾನುವಾರ ಮಗಳನ್ನೂ ಕರೆದುಕೊಂಡು ಫಾರ್ಮಿಗೆ ಹೋಗಿ. ಮಾಲೀಕರನ್ನು ಬಿಡಿ, ಹಾಲು ಕರೆಯುವವರನ್ನು ಕೇಳಿ: 'ಕಡೆಯ ಸಲ ಇಂಜೆಕ್ಷನ್ ಹಾಕಿದ್ದು ಯಾವ ಹಸುವಿಗೆ? ಅದರ ಹಾಲು ಎಲ್ಲಿಗೆ ಹೋಯಿತು?' ಲೆಕ್ಕ ಇಟ್ಟಿರುವ ಕಡೆ ಅವರು ಯೋಚನೆ ಮಾಡುವುದಿಲ್ಲ. ಹಸುವಿನ ಹಿಂಗಾಲಿಗೆ ಕಟ್ಟಿದ ಕೆಂಪು ಪಟ್ಟಿ ತೋರಿಸುತ್ತಾರೆ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ತಾರೀಖು ತೋರಿಸುತ್ತಾರೆ. ಮುಖ ಮುಖ ನೋಡಿಕೊಂಡರೆ, ಬರುವಾಗ ದಾರಿಯಲ್ಲಿ ಒಂದು ಪ್ಯಾಕೆಟ್ ಹಾಲು ತೆಗೆದುಕೊಂಡು ಬನ್ನಿ.